ಬಾಕಿ ವಸೂಲಿಯ ಕೇಸಿಗೆ ಮೊದಲು ತಾರೀಖು ನೋಡಿ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಚಿಕ್ಕ ಮೆಷಿನ್ ಶಾಪ್. ಒಬ್ಬ ಗಿರಾಕಿಯಿಂದ 14 ಬಿಲ್ಲುಗಳ ಬಾಬ್ತು 7.40 ಲಕ್ಷ ರೂಪಾಯಿ ಬರಬೇಕು. ಕೊನೆಯ ಸರಕು ಹೋಗಿ ಎರಡೂವರೆ ವರ್ಷವಾಯಿತು. ಕೇಳಿದಾಗಲೆಲ್ಲ ವಾಟ್ಸಾಪ್‌ನಲ್ಲಿ ‘ಮುಂದಿನ ವಾರ ಹಾಕ್ತೀನಿ’ ಅನ್ನುತ್ತಾರೆ. ನೇರವಾಗಿ ಕೇಸು ಹಾಕಬಹುದೇ?

ಉತ್ತರ: ಆಗದು. ವ್ಯಾಪಾರದ ತಕರಾರು 3 ಲಕ್ಷ ರೂಪಾಯಿ ಮುಟ್ಟಿದರೆ ಅದು ವಾಣಿಜ್ಯ ನ್ಯಾಯಾಲಯದ ಪಾಲು (2018ರವರೆಗೆ ಈ ಮಿತಿ 1 ಕೋಟಿ ಇತ್ತು). ದಾವೆ ಹಾಕುವ ದಿನದವರೆಗಿನ ಬಡ್ಡಿಯೂ ಈ ಲೆಕ್ಕಕ್ಕೆ ಸೇರುತ್ತದೆ. ತುರ್ತು ತಡೆಯಾಜ್ಞೆಯಂಥದ್ದು ಬೇಕಿಲ್ಲದಿದ್ದರೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 12ಎ ಪ್ರಕಾರ ಮೊದಲು ಮಧ್ಯಸ್ಥಿಕೆಗೆ (ಮೀಡಿಯೇಷನ್) ಹೋಗಲೇಬೇಕು. ಅದನ್ನು ಬಿಟ್ಟು 2022ರ ಆಗಸ್ಟ್ 20ರಿಂದೀಚೆಗೆ ಹಾಕಿದ ದಾವೆ ತಿರಸ್ಕಾರವಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಮಧ್ಯಸ್ಥಿಕೆಗಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಮೂನೆ 1ರಲ್ಲಿ ಅರ್ಜಿ, ಜೊತೆಗೆ 1,000 ರೂಪಾಯಿ. ಎದುರುಗಡೆಯವರು ಎರಡು ನೋಟಿಸಿಗೂ ಬಾರದಿದ್ದರೆ ‘ನಾನ್-ಸ್ಟಾರ್ಟರ್’ (ಮಧ್ಯಸ್ಥಿಕೆ ಶುರುವಾಗಲೇ ಇಲ್ಲ ಎಂಬ) ವರದಿ ಸಿಗುತ್ತದೆ. ಅದನ್ನು ಲಗತ್ತಿಸಿ ದಾವೆ ಹಾಕಿ. ಬಂದರೆ ನಿಮ್ಮ ಮೊತ್ತಕ್ಕೆ ಮಧ್ಯಸ್ಥಿಕೆ ಶುಲ್ಕ 15,000, ಇಬ್ಬರಿಗೂ ಅರ್ಧರ್ಧ. ಅವಧಿ 3 ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೆರಡು. ಈ ದಿನಗಳು ದಾವೆ ಹಾಕಲು ಇರುವ ಕಾಲಮಿತಿಯ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ನಿಜವಾದ ಅಪಾಯ ಆ ಕಾಲಮಿತಿಯೇ. ‘ಕೊನೆಯ ಬಿಲ್ಲಿಗೆ ಇನ್ನೂ ಆರು ತಿಂಗಳಿದೆ’ ಎಂದು ನೆಮ್ಮದಿಯಾಗಿ ಕೂರಬೇಡಿ. ಪ್ರತಿ ಬಿಲ್ಲಿಗೂ ಅದರದೇ 3 ವರ್ಷ. ಉದ್ದರಿಯ ಗಡುವು ಬರೆದಿದ್ದರೆ ಗಡುವು ಮುಗಿದ ದಿನದಿಂದ, ಇಲ್ಲದಿದ್ದರೆ ಸರಕು ತಲುಪಿದ ದಿನದಿಂದ ಎಣಿಕೆ. ಆರಂಭದ ಬಿಲ್ಲುಗಳು ಆಗಲೇ ಸತ್ತಿರಬಹುದು. ಲೆಡ್ಜರಿನಲ್ಲಿ ಒಂದೇ ಖಾತೆ ಅಂದ ಮಾತ್ರಕ್ಕೆ ಅವು ಬದುಕುವುದಿಲ್ಲ. ಉಳಿದವಕ್ಕೆ ಇವತ್ತೇ ಬಾಕಿ ದೃಢೀಕರಣ ಪತ್ರ ತೆಗೆದುಕೊಳ್ಳಿ: ಬಿಲ್ ನಂಬರು, ಮೊತ್ತ, ತಾರೀಖು, ಅವರ ಸಹಿ, ಸೀಲು. ಅವಧಿಯೊಳಗೆ ಸಹಿ ಬಿದ್ದರೆ ಅಂದಿನಿಂದ ಹೊಸ 3 ವರ್ಷ. ಮೊತ್ತವೇ ಇಲ್ಲದ ‘ಹಾಕ್ತೀನಿ’ಯನ್ನು ನೆಚ್ಚಿಕೊಳ್ಳಬೇಡಿ.

ಕೇಸು ಹೆಚ್ಚಾಗಿ ಎಡವುವುದು ಡೆಲಿವರಿ ಚಲನ್ನಿನಲ್ಲಿ. ಗೇಟಿನ ಸೆಕ್ಯೂರಿಟಿ ಸೀಲು ಇರುತ್ತದೆ, ಸ್ಟೋರ್ಸಿನವರ ಸಹಿ ಇರುವುದಿಲ್ಲ. ‘ಮಾಲು ರಿಜೆಕ್ಟ್ ಆಗಿತ್ತು’ ಎಂಬ ವಾದಕ್ಕೆ ಅಷ್ಟು ಸಾಕು. ಪರ್ಚೇಸ್ ಆರ್ಡರ್, ಚಲನ್, ಇ-ವೇ ಬಿಲ್, ಲೆಡ್ಜರ್ ಎಲ್ಲವನ್ನೂ ದಾವೆಯ ಜೊತೆಗೇ ಕೊಡಬೇಕು, ಆಮೇಲೆ ತಂದರೆ ಕಾರಣ ಹೇಳಿ ಕೋರ್ಟಿನ ಅನುಮತಿ ಪಡೆಯಬೇಕು. ವಾಟ್ಸಾಪ್ ಪ್ರಿಂಟಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞರದು, ಜೊತೆಗೆ ಹ್ಯಾಶ್ ಮೌಲ್ಯ (ಫೈಲಿನ ಡಿಜಿಟಲ್ ಬೆರಳಚ್ಚು). ಫೋನ್ ಬದಲಾಯಿಸಬೇಡಿ.

ಸರಕು ಕಳಿಸುವ ಮೊದಲೇ ನಿಮ್ಮ ಶಾಪಿಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಆಗಿತ್ತೇ? ಹಾಗಿದ್ದರೆ ಕೋರ್ಟಿಗಿಂತ ಸಣ್ಣ ಉದ್ಯಮಗಳ ಬಾಕಿ ತಕರಾರು ನೋಡುವ ಎಂಎಸ್‌ಎಂಇ ಫೆಸಿಲಿಟೇಷನ್ ಕೌನ್ಸಿಲ್ ಮೇಲು. ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ತೀರ್ಪು ಪ್ರಶ್ನಿಸಬೇಕಾದರೆ ಗಿರಾಕಿ ಶೇ. 75ರಷ್ಟು ಹಣ ಠೇವಣಿ ಇಡಬೇಕು.

ಪ್ರಶ್ನೆ: ಚಿಕ್ಕಪೇಟೆಯ ನಮ್ಮ ಬಟ್ಟೆ ಅಂಗಡಿಗೆ ವಾಣಿಜ್ಯ ನ್ಯಾಯಾಲಯದ ಸಮನ್ಸ್ ಬಂದು 100 ದಿನವಾಯಿತು. ರಾಜಿ ಮಾತುಕತೆ ನಡೆದಿದೆ ಎಂದು ಸುಮ್ಮನಿದ್ದೇವೆ.

ಉತ್ತರ: ಇನ್ನು 20 ದಿನ ಮಾತ್ರ. ಲಿಖಿತ ಹೇಳಿಕೆಗೆ (ದಾವೆಗೆ ನೀವು ಕೊಡುವ ಬರಹದ ಉತ್ತರ) ಸಮನ್ಸ್ ಬಂದಲ್ಲಿಂದ 30 ದಿನ. ಕಾರಣ ತೋರಿಸಿ, ಖರ್ಚು ಕಟ್ಟಿ, ಅನುಮತಿ ಪಡೆದರೆ 120ರವರೆಗೆ. 121ನೇ ದಿನ ನ್ಯಾಯಾಧೀಶರಿಗೂ ಅದನ್ನು ತೆಗೆದುಕೊಳ್ಳುವ ಅಧಿಕಾರವಿಲ್ಲ. ರಾಜಿ ಮಾತು ಗಡಿಯಾರ ನಿಲ್ಲಿಸುವುದಿಲ್ಲ. ಒಪ್ಪಂದದಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಬದಲು ಪಂಚರಿಂದ ತೀರ್ಪು) ಷರತ್ತಿದ್ದರೆ ಮೊದಲ ಹೇಳಿಕೆಗಿಂತ ತಡವಾಗದಂತೆ ಅದನ್ನೂ ಎತ್ತಿ.

ಪ್ರಶ್ನೆ: ಯಶವಂತಪುರದಲ್ಲಿ ನಮ್ಮದು ಪಾಲುದಾರಿಕೆ ಮಂಡಿ. ಪಾಲುದಾರಿಕೆ ಪತ್ರ ಇದೆ, ನೋಂದಣಿ ಇಲ್ಲ. ಬಾಕಿದಾರರ ಮೇಲೆ ದಾವೆ ನಡೆಯುತ್ತದೆಯೇ?

ಉತ್ತರ: ನಡೆಯದು. 1932ರ ಪಾಲುದಾರಿಕೆ ಕಾಯ್ದೆಯ ಕಲಂ 69 ಅಡ್ಡ ಬರುತ್ತದೆ. ದಾವೆ ಹಾಕಿದ ಮೇಲೆ ನೋಂದಾಯಿಸಿದರೂ ಆ ದಾವೆಗೆ ಜೀವ ಬರುವುದಿಲ್ಲ. ಮೊದಲು ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಬಳಿ ನೋಂದಾಯಿಸಿ, ಈಗಿನ ಪಾಲುದಾರರೆಲ್ಲರ ಹೆಸರೂ ರಿಜಿಸ್ಟರಿನಲ್ಲಿ ಇದೆಯೇ ನೋಡಿ, ಆಮೇಲೆ ಮಧ್ಯಸ್ಥಿಕೆ, ದಾವೆ. ಅಷ್ಟರಲ್ಲಿ ಬಿಲ್ಲಿನ 3 ವರ್ಷ ಜಾರದಿರಲಿ.