ಪೊಲೀಸ್ ಕೆಲಸದ ಒತ್ತಡ: ಮನೆಯವರು ಏನು ಮಾಡಬಹುದು?

ಠಾಣೆಯಿಂದ ಬಂದ ಅಣ್ಣ ಮಾತನಾಡುವುದಿಲ್ಲ, ಸರಿಯಾಗಿ ನಿದ್ದೆಯನ್ನೂ ಮಾಡುವುದಿಲ್ಲ ಎಂದು ಮಂಜೇಶ್ವರದಿಂದ ಕೇಳಿದ್ದೀರಿ. ನನ್ನ ಅಪ್ಪ ಕಾಸರಗೋಡಿನಲ್ಲಿ ಪೊಲೀಸರಾಗಿದ್ದವರು. ಹೆದ್ದಾರಿಯ ಅಪಘಾತದಿಂದ ಹಿಂತಿರುಗಿದ ದಿನ ಬೂಟು ಜಗಲಿಯಲ್ಲೇ ಬಿಟ್ಟು, ಬಾವಿಕಟ್ಟೆಯಲ್ಲಿ ನಾಲ್ಕೈದು ಸಲ ಕೈ ತೊಳೆಯುತ್ತಿದ್ದರು. ಆಮೇಲೆ ಮೌನವಾಗಿ ಅಡಿಕೆ ಸುಲಿಯಲು ಕುಳಿತುಬಿಡುತ್ತಿದ್ದರು. ನಮ್ಮ ಮೇಲೆ ಸಿಟ್ಟೆಂದೇ ನಾನು ಭಾವಿಸಿದ್ದೆ.

ಅದು ಸಿಟ್ಟಲ್ಲ. ಕರ್ತವ್ಯದುದ್ದಕ್ಕೂ ಅಪಾಯಕ್ಕೆ ಸಜ್ಜಾಗಿ ಬಿಗಿದುಕೊಂಡ ದೇಹ ಮನೆ ಸೇರಿದೊಡನೆ ಕುಸಿಯುತ್ತದೆ. ರಾತ್ರಿ ಪಾಳಿ ದೇಹದ ಒಳಗಡಿಯಾರವನ್ನೇ ಕೆಡಿಸುತ್ತದೆ. ಪೊಲೀಸನು ಸದಾ ಕರ್ತವ್ಯದಲ್ಲಿದ್ದಾನೆಂದು 1861ರ ಪೊಲೀಸ್ ಕಾಯ್ದೆಯೇ ಹೇಳಿತ್ತು. ಆ ಮನೋಭಾವ ಇನ್ನೂ ಹೋಗಿಲ್ಲ. ಕೊನೆಯ ಕ್ಷಣದಲ್ಲಿ ರದ್ದಾಗುವ ರಜೆ, ಮೇಲಧಿಕಾರಿಯ ಗದರಿಕೆ ಹೆಣ ನೋಡುವುದಕ್ಕಿಂತಲೂ ಹೆಚ್ಚು ಸವೆಸುತ್ತವೆ ಎನ್ನುವುದು ನಾನು ಕಂಡ ಸತ್ಯ. ನಮ್ಮ ಕಡೆ ಇನ್ನೊಂದಿದೆ: ಕನ್ನಡದಲ್ಲಿ ಅಳುವ ತಾಯಿಯ ಮಾತನ್ನು ಕೇಳಿಸಿಕೊಂಡು ಮಲಯಾಳದಲ್ಲಿ ವರದಿ ಬರೆಯಬೇಕು. ಆ ಅಳುವನ್ನು ಎರಡು ಸಲ ಹೊತ್ತಂತೆ.

ಬಂದ ಕೂಡಲೇ ಪ್ರಶ್ನೆ ಕೇಳಬೇಡಿ. ಅರ್ಧ ಗಂಟೆ ಬಿಡಿ. ಹಗಲು ಮಲಗಿದರೆ ಕೋಣೆಯನ್ನು ಕತ್ತಲಾಗಿಸಿ. ಸಹೋದ್ಯೋಗಿಗಳೊಂದಿಗೆ ಮನಬಿಚ್ಚಿ ಮಾತನಾಡುವುದು, ನಡಿಗೆ, ತೋಟದ ಕೆಲಸ ನಿಜಕ್ಕೂ ನೆರವಾಗುತ್ತವೆ. ಮದ್ಯ ನಿದ್ದೆ ತರಿಸಿದಂತೆ ಕಂಡರೂ ಅದನ್ನು ಕೆಡಿಸುತ್ತದೆ.

ಸಾವಿನ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲಿರುಳೂ ಉಚಿತ. ಅಣ್ಣನ ಬಳಿ ಬಂದೂಕಿದ್ದರೆ ನಂಬಿಕೆಯ ಮೇಲಧಿಕಾರಿಗೆ ಆ ದಿನವೇ ತಿಳಿಸಿ.