ಇಬ್ಬರಿಗೆ ಮನೆಪಾಠ, ಮೂರನೆಯವಳು ಮಡಿಲಲ್ಲಿ: ಹೊರೆ ಇಳಿಸುವುದು ಎಲ್ಲಿಂದ?

ಪ್ರಶ್ನೆ: ನಮ್ಮದು ಉಡುಪಿ ಅಂಬಲಪಾಡಿ. ಎಂಟು ವರ್ಷದ ಮಗಳಿಗೂ ಆರು ವರ್ಷದ ಮಗನಿಗೂ ಮನೆಯಲ್ಲೇ ಕಲಿಸುತ್ತಿದ್ದೇನೆ. ಸಣ್ಣವಳಿಗೆ ಎರಡೂವರೆ ವರ್ಷ. ಬೆಳಿಗ್ಗೆ ಒಂಬತ್ತರಿಂದ ಮೂರೂವರೆ ತನಕ ಶಾಲೆಯ ಹಾಗೆಯೇ ಏಳು ಪೀರಿಯಡ್ ಇಟ್ಟಿದ್ದೇನೆ. ಒಬ್ಬರಿಗೆ ಹೇಳಿಕೊಡುವಾಗ ಇನ್ನೊಬ್ಬರು ಕರೆಯುತ್ತಾರೆ, ಸಣ್ಣವಳು ಪುಸ್ತಕ ಎಳೆಯುತ್ತಾಳೆ, ಅಡುಗೆ ಅರ್ಧಕ್ಕೆ ನಿಂತಿರುತ್ತದೆ. ರಾತ್ರಿ ಹನ್ನೊಂದಕ್ಕೆ ನೋಟ್ ಪುಸ್ತಕ ತಿದ್ದುತ್ತಾ ಕೂರುತ್ತೇನೆ. ಮನೆಯವರಿಗೆ ಬ್ಯಾಂಕ್ ಕೆಲಸ, ಅತ್ತೆ ಜೊತೆಗಿದ್ದಾರೆ. ಹೇಗೆ ನಿಭಾಯಿಸಲಿ?

ಉತ್ತರ: ಮೊದಲು ಆ ಏಳು ಪೀರಿಯಡ್‌ಗಳನ್ನು ಬಿಟ್ಟುಬಿಡಿ. ಶಾಲೆಯಲ್ಲಿ ಒಂದೊಂದು ಪೀರಿಯಡ್ 40 ನಿಮಿಷ ಬೇಕಾಗುವುದು ಒಂದೇ ಕೋಣೆಯಲ್ಲಿ ಮೂವತ್ತು ನಲವತ್ತು ಮಕ್ಕಳಿರುವುದರಿಂದ. ಹಾಜರಿ ಕರೆಯಬೇಕು, ಬೋರ್ಡಿನಿಂದ ಬರೆದುಕೊಳ್ಳಬೇಕು, ಹಿಂದಿನ ಬೆಂಚಿನವರು ಮುಗಿಸುವ ತನಕ ಉಳಿದವರು ಕಾಯಬೇಕು. ನಿಮ್ಮೆದುರು ಇರುವುದು ಒಂದು ಮಗು. ಆರು ವರ್ಷದವನಿಗೆ ಓದು 15 ನಿಮಿಷ, ಬರವಣಿಗೆ 10, ಲೆಕ್ಕ 20 ನಿಮಿಷ ಸಾಕು. ಎಂಟು ವರ್ಷದವಳಿಗೆ ಒಂದೂವರೆಯಿಂದ ಎರಡು ಗಂಟೆ ಪಾಠವಿರಲಿ, ಅದರಲ್ಲಿ ನೀವು ಪಕ್ಕದಲ್ಲಿ ಕೂರಬೇಕಾದ್ದು ಮುಕ್ಕಾಲು ಗಂಟೆ ಮಾತ್ರ. ಇಬ್ಬರನ್ನೂ ಒಟ್ಟಿಗೆ ಕೂರಿಸುವ ಅರ್ಧ ಗಂಟೆ ಸೇರಿಸಿದರೆ ನಿಮ್ಮ ಪಾಲಿನ ಕೆಲಸ ದಿನಕ್ಕೆ ಎರಡು ಗಂಟೆ. ಇದು ಕಡಿಮೆಯಾಯಿತೋ ಎಂಬ ಅನುಮಾನ ಬೇಡ. ಈ ವಯಸ್ಸಿನ ಮಗು ದಣಿದ ಮೇಲೆ ನಡೆಯುವ ಪಾಠದಲ್ಲಿ ಕಲಿಯುವುದಕ್ಕಿಂತ ಬೇಸರಪಡುವುದೇ ಹೆಚ್ಚು.

ನಿಮ್ಮನ್ನು ನಿಜಕ್ಕೂ ಬಳಲಿಸುತ್ತಿರುವುದು ಪಾಠವಲ್ಲ, ಎರಡು ತರಗತಿಯನ್ನು ಒಟ್ಟೊಟ್ಟಿಗೆ ನಡೆಸುವುದು. ಇದನ್ನು ಬಿಡಿಸುವ ದಾರಿ ನಮ್ಮ ಸರಕಾರಿ ಶಾಲೆಗಳ ನಲಿಕಲಿ ತರಗತಿಯಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ಈ ಕ್ರಮದಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುತ್ತಾರೆ, ಹೇಳಿಕೊಡುವ ಶಿಕ್ಷಕರು ಒಬ್ಬರೇ. ಪೂರ್ತಿ ಶಿಕ್ಷಕರ ನೆರವು ಬೇಕಾದವರು, ಅಷ್ಟಿಷ್ಟು ನೆರವು ಸಾಕಾದವರು, ಗೆಳೆಯರಿಂದ ಕಲಿಯುವವರು, ತಾವೇ ಮಾಡಿಕೊಳ್ಳುವವರು ಎಂದು ಮಕ್ಕಳು ಬೇರೆಬೇರೆ ಗುಂಪಿನಲ್ಲಿ ಕೂರುತ್ತಾರೆ, ಕೆಲಸ ಬದಲಾದಂತೆ ಗುಂಪೂ ಬದಲಾಗುತ್ತದೆ. ಮನೆಯಲ್ಲಿ ನೀವು ಮಾಡಬೇಕಾದ್ದೂ ಇದೇ: ಒಬ್ಬರ ಪಕ್ಕದಲ್ಲಿ ಕೂತಿರುವಾಗ ಇನ್ನೊಬ್ಬರ ಕೈಯಲ್ಲಿ ತಾನೇ ಮಾಡಬಲ್ಲ ಕೆಲಸ ಇರಬೇಕು.

ಆ ‘ತಾನೇ ಮಾಡಬಲ್ಲ ಕೆಲಸ’ದಲ್ಲಿಯೇ ಹೆಚ್ಚಿನವರು ಎಡವುವುದು. ಹೊಸ ಪಾಠ ಕೊಟ್ಟು “ನೀನೇ ಮಾಡು” ಎಂದರೆ ಎರಡು ನಿಮಿಷಕ್ಕೊಮ್ಮೆ ಕರೆ ಬರುತ್ತದೆ, ಅದು ಮಗುವಿನ ಹಟವಲ್ಲ. ಹತ್ತರಲ್ಲಿ ಒಂಬತ್ತನ್ನು ಸರಿಯಾಗಿ ಮಾಡುವಷ್ಟು ಪಳಗಿದ ಕೆಲಸವನ್ನಷ್ಟೇ ಒಂಟಿಯಾಗಿ ಮಾಡಲು ಕೊಡಿ. ಮಗಳಿಗೆ ಒಂದು ಟ್ರೇಯಲ್ಲಿ ಹಿಂದಿನ ವಾರದ ಹತ್ತು ಲೆಕ್ಕ, ಐದು ಸಾಲು ಕಾಪಿ, ಎರಡು ಪುಟ ಓದು ಇಡಿ. ಲೆಕ್ಕದ ಉತ್ತರಗಳನ್ನು ಬೇರೆ ಚೀಟಿಯಲ್ಲಿ ಬರೆದು ಟ್ರೇಯ ಅಡಿಯಲ್ಲಿಡಿ, ಮುಗಿದ ಮೇಲೆ ಅವಳೇ ನೋಡಿ ಸರಿ ತಪ್ಪು ಹಾಕಿಕೊಳ್ಳಲಿ. ಎಲ್ಲಿಯಾದರೂ ಸಿಕ್ಕಿಬಿದ್ದರೆ ಪಕ್ಕದಲ್ಲಿ ಗೀಟು ಎಳೆದು ಮುಂದಿನದಕ್ಕೆ ಹೋಗುವ ಅಭ್ಯಾಸವನ್ನು ಮೊದಲ ವಾರದಲ್ಲೇ ಮಾಡಿಸಿ. ಆರು ವರ್ಷದವನು ಒಬ್ಬನೇ ಕೂರುವುದು ಹತ್ತು ಹನ್ನೆರಡು ನಿಮಿಷ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಸಣ್ಣವಳ ಸರದಿ ಮೊದಲು ಬರಲಿ. ಪಾಠಕ್ಕೆ ಮುಂಚೆ ಹದಿನೈದು ನಿಮಿಷ ಅವಳೊಬ್ಬಳ ಜೊತೆ ಕೂತು ಆಡಿದರೆ, ಅದರ ನಂತರದ ಅರ್ಧ ಗಂಟೆ ಸಲೀಸಾಗಿ ಸಿಗುತ್ತದೆ. ಮುಚ್ಚಳವಿರುವ ಡಬ್ಬಗಳು, ಬಟ್ಟೆ ತುಂಡು, ದೊಡ್ಡ ಮಣಿ, ಹಳೆಯ ಮದುವೆ ಕಾಗದಗಳನ್ನು ಒಂದು ಬುಟ್ಟಿಗೆ ಹಾಕಿ, ಪಾಠದ ಹೊತ್ತಿಗೆ ಮಾತ್ರ ಹೊರಗೆ ತೆಗೆಯಿರಿ. ಇಡೀ ದಿನ ಕೈಗೆ ಸಿಕ್ಕುವ ಬುಟ್ಟಿ ಮೂರನೇ ದಿನಕ್ಕೆ ಬೇಡವಾಗುತ್ತದೆ. ಮಣಿ ಅವಳ ಬಾಯಿಗೆ ಹಿಡಿಸದಷ್ಟು ದೊಡ್ಡದಿರಲಿ. ಅವಳು ಮಲಗುವ ಹೊತ್ತನ್ನು ಮಗಳ ಹೊಸ ಲೆಕ್ಕಕ್ಕೆ ಕಾದಿರಿಸಿ, ಪಾತ್ರೆ ತೊಳೆಯಲು ಬಳಸಬೇಡಿ.

ಅಡುಗೆ ಬಗ್ಗೆ ಒಂದು ಮಾತು. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ಪಾಠಕ್ಕೆ ಕೂರುವ ಮುಂಚೆಯೇ ಇಟ್ಟುಬಿಡಿ. ಕಾಯಿ ತುರಿದು, ಮಸಾಲೆ ಹುರಿದು ಹಿಂದಿನ ಸಂಜೆಯೇ ಫ್ರಿಜ್ಜಿನಲ್ಲಿಟ್ಟರೆ ಹನ್ನೊಂದರ ಮೇಲೆ ರುಬ್ಬಿದರಾಯಿತು. ಓದಿಸುವಾಗ ಮಿಕ್ಸಿ ಹಾಕಬೇಡಿ. ಅಕ್ಷರಗಳ ಉಚ್ಚಾರ ಮಗುವಿಗೆ ಸ್ಪಷ್ಟವಾಗಿ ಕೇಳಿಸಬೇಕು.

ರಾತ್ರಿ ತಿದ್ದುವ ಕೆಲಸ ಪೂರ್ತಿ ನಿಲ್ಲಲಿ. ಮಗನಿಗೆ ಸ್ಲೇಟು ಕೊಡಿ, ಬರೆದದ್ದನ್ನು ಅಲ್ಲೇ ನೋಡಿ, ಅಲ್ಲೇ ಒರೆಸಿ. ಮಗಳಿಗೆ ದಿನಕ್ಕೆ ನೋಟ್ ಪುಸ್ತಕದ ಒಂದು ಪುಟ ಸಾಕು, ಅದನ್ನೂ ಅವಳ ಎದುರೇ ತಿದ್ದಿ. ಬೆಳಿಗ್ಗೆ ಮಾಡಿದ ತಪ್ಪನ್ನು ರಾತ್ರಿ ಕೆಂಪು ಶಾಯಿಯಲ್ಲಿ ಗುರುತಿಸಿದರೆ, ಮರುದಿನ ಅದನ್ನು ನೋಡುವ ಮಗುವಿಗೆ ತಾನು ಏನು ಯೋಚಿಸಿ ಹಾಗೆ ಬರೆದೆ ಎಂಬುದೇ ನೆನಪಿರುವುದಿಲ್ಲ.

ಎದುರೇ ತಿದ್ದುವುದರ ಬೆಲೆ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. 52ರಿಂದ 27 ಕಳೆಯಲು ಹೇಳಿದರೆ ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಎರಡರಿಂದ ಏಳು ಹೋಗುವುದಿಲ್ಲವಲ್ಲ, ಅದಕ್ಕೆ ತಿರುಗಿಸಿ ಏಳರಿಂದ ಎರಡು ಕಳೆದಿರುತ್ತಾರೆ. ಬಿಡಿಯನ್ನೂ ಹತ್ತನ್ನೂ ಸಂಬಂಧವಿಲ್ಲದ ಎರಡು ಲೆಕ್ಕವೆಂದು ತಿಳಿದದ್ದೇ ಕಾರಣ. ನಿಯಮವನ್ನು ಮತ್ತೆ ಹೇಳಬೇಡಿ. ಹಿಡಿಸೂಡಿಯ (ತೆಂಗಿನ ಕಡ್ಡಿಯ ಪೊರಕೆ) ಕಡ್ಡಿಗಳನ್ನು ಬೆರಳುದ್ದ ಮುರಿದು, ಹತ್ತತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಹತ್ತು ಕಟ್ಟು ಮಾಡಿ, ಇಪ್ಪತ್ತು ಬಿಡಿ ಕಡ್ಡಿ ಇಟ್ಟುಕೊಳ್ಳಿ. ಮಗು ಐದು ಕಟ್ಟು, ಎರಡು ಕಡ್ಡಿ ಇಡಲಿ. ಏಳು ಕಡ್ಡಿ ಕೊಡು ಎಂದು ಕೈ ಚಾಚಿ. ಇಲ್ಲ ಎನ್ನುವ ಮಗು ಸ್ವಲ್ಪ ಹೊತ್ತಿನಲ್ಲಿ ತಾನೇ ಒಂದು ಕಟ್ಟು ಬಿಚ್ಚುತ್ತದೆ, ಬಿಚ್ಚುವ ತನಕ ಸುಮ್ಮನಿರಿ. ಈಗ ನಾಲ್ಕು ಕಟ್ಟು, ಹನ್ನೆರಡು ಕಡ್ಡಿ. ಏಳು ಕೊಟ್ಟರೆ ಐದು ಉಳಿಯಿತು, ಎರಡು ಕಟ್ಟು ಕೊಟ್ಟರೆ ಎರಡು ಉಳಿಯಿತು: 25. ಕಡ್ಡಿಯಲ್ಲಿ ನಾಲ್ಕೈದು ದಿನ ಮಾಡಿಸಿ, ಆಮೇಲೆ ಕಡ್ಡಿ ಮತ್ತು ಸ್ಲೇಟು ಒಟ್ಟಿಗೆ, ಕೊನೆಗೆ ಸ್ಲೇಟು ಮಾತ್ರ. ಸಂಜೆ ಅಪ್ಪನೋ ಅಜ್ಜಿಯೋ ಹೇಳಿಕೊಡುವುದಾದರೆ ಅವರೂ ಇದೇ ಕ್ರಮ ಹಿಡಿಯಲಿ. ಒಂದೇ ಲೆಕ್ಕಕ್ಕೆ ಮನೆಯಲ್ಲಿ ಎರಡು ವಿಧಾನ ಶುರುವಾದರೆ ಕಲಿತದ್ದೂ ಕಲಸಿಹೋಗುತ್ತದೆ.

ಪರಿಸರ ಅಧ್ಯಯನವನ್ನು ಇಬ್ಬರಿಗೂ ಒಟ್ಟಿಗೆ ಮಾಡಿ, ಎರಡು ವಾರಕ್ಕೆ ಒಂದೇ ವಿಷಯ. ನವೆಂಬರ್ ನಂತರ ಕಡಲು ಶಾಂತವಾದಾಗ ಮಲ್ಪೆಯ ಉಬ್ಬರ ಇಳಿತ ತೆಗೆದುಕೊಳ್ಳಿ. ದಿನಕ್ಕೆ ಹೆಚ್ಚುಕಡಿಮೆ ಎರಡು ಉಬ್ಬರ, ಎರಡು ಇಳಿತ, ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಮರಳಿನಲ್ಲಿ ನೀರು ಏರಿದ ಕಡೆ ಕೋಲು ನೆಟ್ಟು ಹೊತ್ತು ನೋಡಿಕೊಂಡರೆ ಮಗ ಚಿತ್ರ ಬರೆದು ಎರಡು ಹೆಸರು ಬರೆಯುತ್ತಾನೆ, ಮಗಳು ಐದು ವಾಕ್ಯ ಬರೆದು ನಿಮಿಷದ ಲೆಕ್ಕವನ್ನೂ ಮಾಡುತ್ತಾಳೆ. ನಿಮಗೆ ಒಂದೇ ತಯಾರಿ.

ವಾರದ ಯೋಜನೆಯನ್ನು ಭಾನುವಾರ ಅರ್ಧ ಗಂಟೆಯಲ್ಲಿ ಮುಗಿಸಿ, ಅದೂ ನಾಲ್ಕು ದಿನಕ್ಕೆ ಮಾತ್ರ. ಐದನೇ ದಿನ ಖಾಲಿ ಇರಲಿ. ಜ್ವರ, ನೆಂಟರು, ದೇವಸ್ಥಾನದ ಕಾರ್ಯ ಎಂದು ಬಿಟ್ಟುಹೋದದ್ದೆಲ್ಲ ಅಲ್ಲಿಗೆ ಬರುತ್ತದೆ. ಏನೂ ಬಿಟ್ಟುಹೋಗದಿದ್ದರೆ ಗ್ರಂಥಾಲಯಕ್ಕೋ ಮಂಗಳೂರಿನ ಪಿಲಿಕುಳದ ವಿಜ್ಞಾನ ಕೇಂದ್ರಕ್ಕೋ ಹೋಗಬಹುದು. ಐದೂ ದಿನ ತುಂಬಿಸಿಟ್ಟವರು ಎರಡನೇ ವಾರದಿಂದಲೇ ‘ಹಿಂದೆ ಬಿದ್ದೆವು’ ಎಂಬ ಚಿಂತೆ ಹೊರುತ್ತಾರೆ.

ಕೊನೆಯದಾಗಿ, ಮನೆಯವರ ಪಾಲು. ಬ್ಯಾಂಕಿನಿಂದ ಬಂದ ಮೇಲೆ 20 ನಿಮಿಷ ಗಟ್ಟಿಯಾಗಿ ಕಥೆ ಓದುವುದು ಅವರ ಕೆಲಸವಾಗಲಿ. ಅದು ಉಪಕಾರವಲ್ಲ, ಭಾಷಾ ಪಾಠದ ಒಂದು ಭಾಗ. ಅತ್ತೆಯವರು ತುಳುವಿನಲ್ಲಿ ಹೇಳುವ ಕಥೆಯೂ ಹಾಗೆಯೇ, ಅದನ್ನು ಪಾಠದ ಲೆಕ್ಕಕ್ಕೆ ಸೇರಿಸಿ.

ಪ್ರಶ್ನೆ: ಮನೆಮಾತು ತುಳು. ಮಗ ಅ ಆ ಇ ಈಯಿಂದ ಕ ಕಾ ಕಿ ಕೀ ತನಕ ಬಾಯಿಪಾಠ ಒಪ್ಪಿಸುತ್ತಾನೆ, ಆದರೆ ಪುಸ್ತಕ ಕೊಟ್ಟರೆ ಒಂದು ಪದವೂ ಬರುವುದಿಲ್ಲ. ದಿನಾ ಒಂದು ಗಂಟೆ ಕೂರಿಸುತ್ತೇನೆ. ಇನ್ನೂ ಹೆಚ್ಚು ಬೇಕೇ? — ಸುರತ್ಕಲ್

ಉತ್ತರ: ಹೆಚ್ಚು ಬೇಡ, ಕಾಲು ಗಂಟೆಗೆ ಇಳಿಸಿ, ಕ್ರಮವನ್ನು ಬದಲಿಸಿ. ಬಾಯಿಪಾಠದಲ್ಲಿ ಮಗು ಹಿಂದಿನ ಅಕ್ಷರದ ಬೆನ್ನಿಗೆ ಮುಂದಿನದನ್ನು ಹೇಳುತ್ತದೆಯೇ ಹೊರತು ಆಕಾರವನ್ನು ನೋಡುವುದಿಲ್ಲ. ನಡುವಿನ ಒಂದು ಅಕ್ಷರ ತೋರಿಸಿ ನೋಡಿ, ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬರುತ್ತಾನೆ.

ನಲಿಕಲಿಯಲ್ಲಿ ಬಳಸುವ ‘ರ ಗ ಸ ದ ಅ’ ಕ್ರಮ ಹಿಡಿಯಿರಿ. ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಓದಬಹುದು. ಮುಂದಿನ ಗುಂಪು ‘ಜ ವ ಮ ಬ ನ’ ಸೇರಿದರೆ ಮರ, ದನ, ಜನ, ಗಜ, ಬಸವ. ವಾರಕ್ಕೆ ಎರಡು ಮೂರು ಅಕ್ಷರಕ್ಕಿಂತ ಹೆಚ್ಚು ಬೇಡ. ಹದಿನೈದು ನಿಮಿಷ ಹೀಗಿರಲಿ: ಹಳೆಯ ಕಾರ್ಡುಗಳನ್ನು ಕಲಸಿ ಓದಿಸಲು ಮೂರು ನಿಮಿಷ, ಹೊಸ ಅಕ್ಷರಕ್ಕೆ ನಾಲ್ಕು, ಪದಗಳಿಗೆ ಐದು, ಸ್ಲೇಟಿನಲ್ಲಿ ಬರೆಯಲು ಮೂರು.

ಕಾಗುಣಿತವನ್ನು ‘ಕ’ ಒಂದಕ್ಕೇ ಉದ್ದಕ್ಕೆ ಹೇಳಿಸಬೇಡಿ. ಒಂದು ಸ್ವರಚಿಹ್ನೆ ಹಿಡಿದು ಗೊತ್ತಿರುವ ಅಕ್ಷರಗಳಿಗೆಲ್ಲ ಹಚ್ಚಿಸಿ: ದಾರ, ಸಾಗರ, ಮಾವ, ನಾಗ. ಒಂದು ವಾರ ಇಳಿಯೇ ನಡೆಯಲಿ, ಮುಂದಿನ ವಾರ ಗುಡಿಸು. ‘ಮ’ ಮತ್ತು ‘ವು’ ಗೊಂದಲ ಬಹಳ ಮಕ್ಕಳಿಗೆ ಇರುತ್ತದೆ, ಪ–ಷ, ದ–ಧ ಕೂಡ. ಇಂಥ ಜೋಡಿಗಳನ್ನು ಒಂದೇ ವಾರದಲ್ಲಿ ತರಬೇಡಿ. ಒತ್ತಕ್ಷರಕ್ಕೆ ಬಂದಾಗ ಅಕ್ಕ, ಅಜ್ಜ, ಹಬ್ಬ ಮೊದಲು. ಅಮ್ಮ, ಅನ್ನ, ಹತ್ತು, ಬೆಲ್ಲದಲ್ಲಿ ಒತ್ತಿನ ಆಕಾರ ಮೂಲಾಕ್ಷರದಂತಿಲ್ಲ, ಅವಕ್ಕೆ ಬೇರೆ ದಿನ ಬೇಕು.

ಕಥೆ ಓದಿಸುವ ಮುಂಚೆ ಅದರಲ್ಲಿ ಗೊತ್ತಿಲ್ಲದ ನಾಲ್ಕು ಪದಗಳ ಅರ್ಥವನ್ನು ತುಳುವಿನಲ್ಲೇ ಹೇಳಿ, ಓದಿದ ಮೇಲೆ ಕಥೆಯನ್ನು ಅವನು ತುಳುವಿನಲ್ಲಿ ಹೇಳಿದರೂ ಒಪ್ಪಿಕೊಳ್ಳಿ. ಓದು ಬಂದಿದೆಯೋ, ಅರ್ಥವಾಗಿದೆಯೋ ಎರಡನ್ನೂ ಬೇರೆಬೇರೆಯಾಗಿ ತಿಳಿಯಲು ಇದೇ ಸರಿಯಾದ ದಾರಿ.

ಪ್ರಶ್ನೆ: ಶಾಲೆಗೆ ಸೇರಿಸದೇ ಇರುವುದು ಕಾನೂನಿಗೆ ವಿರುದ್ಧ ಎಂದು ನೆಂಟರು ಹೆದರಿಸುತ್ತಾರೆ. ಯಾವೆಲ್ಲ ದಾಖಲೆ ಇಡಬೇಕು? — ಕುಂದಾಪುರ

ಉತ್ತರ: 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಮನೆಯಲ್ಲೇ ಕಲಿಸುವುದರ ಬಗ್ಗೆ ಕಾಯ್ದೆಯಲ್ಲಿ ಪ್ರತ್ಯೇಕ ಮಾತಿಲ್ಲ. ಆದ್ದರಿಂದ ಮಗು ಕಲಿಯುತ್ತಿದೆ ಎಂಬುದಕ್ಕೆ ಕೈಯಲ್ಲಿ ಪುರಾವೆ ಇರಬೇಕು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಮೂಲ ಶಿಕ್ಷಣ ಕಾರ್ಯಕ್ರಮದಲ್ಲಿ ಎ, ಬಿ, ಸಿ ಹಂತಗಳು 3, 5, 8ನೇ ತರಗತಿಗೆ ಸಮ. ಅದರ ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಮುಂದೆ ಶಾಲೆಗೆ ಸೇರಿಸಬೇಕೆನಿಸಿದರೆ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಲು ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಅವಕಾಶವಿದೆ.

ದಾಖಲೆಗೆಂದು ಮಂಡೆಬಿಸಿ ಬೇಡ, ಶನಿವಾರ ಹತ್ತು ನಿಮಿಷ ಸಾಕು. ಒಂದು ಫೈಲಿಗೆ ವಾರಕ್ಕೊಂದು ಬರವಣಿಗೆಯ ಹಾಳೆ, ಒಂದು ಲೆಕ್ಕದ ಹಾಳೆ, ದಿನಾಂಕ ಹಾಕಿ ಸೇರಿಸಿ. ತಿಂಗಳಿಗೊಮ್ಮೆ ಮಗು ಓದುವುದನ್ನು ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿಡಿ. ತಪ್ಪಿರುವ ಹಾಳೆಯನ್ನೂ ತೆಗೆಯಬೇಡಿ, ಪ್ರಗತಿ ಕಾಣುವುದು ಅದರಿಂದಲೇ. ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟಿಲ್ಲ, ಮಕ್ಕಳು ಹೊರಗೆ ಹೋಗುವಂತಿಲ್ಲ, ಪುಸ್ತಕಕ್ಕೆಲ್ಲ ಬೂಷ್ಟು. ಜೂನ್, ಜುಲೈ ಬಂದರೆ ನಮ್ಮ ಪಾಠವೇ ನಿಲ್ಲುತ್ತದೆ. — ಮೂಡುಬಿದಿರೆ

ಉತ್ತರ: ಆ ತಿಂಗಳುಗಳಿಗೆ ಬೇರೆ ವೇಳಾಪಟ್ಟಿ ಮಾಡಿಕೊಳ್ಳಿ. ಬೆಳಕು ಚೆನ್ನಾಗಿರುವ ಹತ್ತರಿಂದ ಹನ್ನೆರಡರೊಳಗೆ ಓದು ಬರಹ ಮುಗಿಸಿ. ವಿಡಿಯೋ ನೋಡುವ ಪಾಠಗಳನ್ನು ಮೇ ತಿಂಗಳಲ್ಲೇ ಮುಗಿಸಿ, ಇಲ್ಲವೇ ಅಕ್ಟೋಬರಿಗೆ ದೂಡಿ. ಪುಸ್ತಕಗಳನ್ನು ಗೋಡೆಗೆ ತಾಗಿಸಿ ಇಡಬೇಡಿ, ಗೋಡೆಯ ತೇವವೇ ಬೂಷ್ಟಿಗೆ ಮೂಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಆ ವಾರ ಬೇಕಾದಷ್ಟೇ ಪುಸ್ತಕ ಇಡಿ, ಬಿಸಿಲು ಕಂಡ ದಿನ ತೆರೆದು ಗಾಳಿಯಾಡಿಸಿ. ತೇವದ ಕಾಗದದಲ್ಲಿ ಪೆನ್ಸಿಲ್ ಮೂಡದೆ ಮಗು ಒತ್ತಿ ಬರೆದು ಕೈನೋವು ಎನ್ನುತ್ತದೆ, ಆಗ ಸ್ಲೇಟೇ ಒಳ್ಳೆಯದು.

ತುಳುವರ ಮಳೆಗಾಲದ ಆಟಿ ತಿಂಗಳಿಗೆ ಚೆನ್ನೆಮಣೆ ಆಟ ಇದೆಯಲ್ಲ! ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಆಟ ಶುರುವಾಗುವ ಮುಂಚೆ ಕಾಯಿ ಹಂಚುವುದನ್ನು ಮಗುವಿಗೇ ಬಿಡಿ, ನಾಲ್ಕರ ಮಗ್ಗಿ ಅಲ್ಲೇ ಆಗುತ್ತದೆ. ಹಾಕುತ್ತಾ ಹೋದರೆ ಕೊನೆಯ ಕಾಯಿ ಯಾವ ಗುಳಿಗೆ ಬೀಳುತ್ತದೆ ಎಂದು ಮೊದಲೇ ಹೇಳಿಸಿ, ಬಾಯಿಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಬೇಕಿಲ್ಲ. ಮಣೆ ಇಲ್ಲದಿದ್ದರೆ ಮೊಟ್ಟೆ ಟ್ರೇಗಳನ್ನು ಕತ್ತರಿಸಿ ಏಳೇಳು ಗುಳಿಯ ಎರಡು ಸಾಲು ಜೋಡಿಸಿಕೊಳ್ಳಬಹುದು. ಕಾಯಿಗೆ ಹುಣಸೆ ಬೀಜವೋ ಮಂಜೊಟ್ಟಿಯ ಕೆಂಪು ಬೀಜವೋ ಆಗಬಹುದು, ಕಪ್ಪು ಚುಕ್ಕೆಯ ಗುಲಗಂಜಿ ಮಾತ್ರ ಬೇಡವೇ ಬೇಡ. ಅದರ ತಿರುಳು ಕಡು ವಿಷ, ಅಗಿದರೆ ಒಂದೆರಡು ಬೀಜವೂ ಮಗುವಿನ ಜೀವಕ್ಕೆ ಅಪಾಯ. ಮನೆಯಲ್ಲಿ ಸಣ್ಣ ಮಗುವಿದ್ದರೆ ಆಟ ಮುಗಿದ ಮೇಲೆ ಕಾಯಿಗಳನ್ನು ಎಣಿಸಿಯೇ ಡಬ್ಬಕ್ಕೆ ಹಾಕಿ. ಎಣಿಸುವ ಕೆಲಸ ದೊಡ್ಡ ಮಗುವಿನದಾಗಲಿ, 56 ಸಿಗುವ ತನಕ ಮಣೆ ಎತ್ತಿಡುವಂತಿಲ್ಲ.