ಹಾಸ್ಟೆಲ್ ಗೆಳೆಯರನ್ನು ಕಂಟ್ರೋಲ್ ಆಗಿ ತೆಗೆದುಕೊಳ್ಳಬಹುದಾ?

ಟೈಪ್ 2 ಸಕ್ಕರೆ ಕಾಯಿಲೆಯ ಜೀನ್ ಹುಡುಕಲು ಆಸ್ಪತ್ರೆಯಿಂದ ರೋಗಿಗಳ ರಕ್ತ ಸಿಕ್ಕಿದೆ, ಹೋಲಿಸಿ ನೋಡಲು ಕಂಟ್ರೋಲ್, ಅಂದರೆ ಕಾಯಿಲೆ ಇಲ್ಲದವರು ಬೇಕು, ಅದಕ್ಕೆ ಹಾಸ್ಟೆಲ್ ಗೆಳೆಯರ ರಕ್ತ ಸಾಕಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಎಂಎಸ್ಸಿಯಲ್ಲಿ ನಾನು ಮಾಡಿದ್ದೂ ಅದನ್ನೇ. ಒಂದು ವರ್ಷದ ಕೆಲಸ ಕೈಬಿಡಬೇಕಾಯಿತು.

ಮೊದಲು ವಯಸ್ಸು. 22ರ ಹುಡುಗನಿಗೆ ಇವತ್ತು ಸಕ್ಕರೆ ಇಲ್ಲ, ಸರಿ. 50ಕ್ಕೆ ಬರುವುದಿಲ್ಲ ಅಂತ ಹೇಳುವವರು ಯಾರು? ಆ ವಯಸ್ಸು ದಾಟಿಯೂ ಬಾರದವರು ಬೇಕು. ಸುಮ್ನೆ ಬಾಯಲ್ಲಿ ಕೇಳಿ ಬಿಡಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ನಿಜವಾಗಿ ಎಡವುವುದು ವಂಶದ ಮೂಲದ ವಿಷಯದಲ್ಲಿ. ಅಮೆರಿಕದ ಅರಿಜೋನಾದಲ್ಲಿ ಪಿಮಾ ಎಂಬ ಮೂಲನಿವಾಸಿಗಳಿದ್ದಾರೆ. ಅವರಲ್ಲಿ ಸಕ್ಕರೆ ಕಾಯಿಲೆ ತುಂಬಾ ಜಾಸ್ತಿ. ಅಲ್ಲಿನ 4,920 ಜನರ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಜಿಎಂ ಎಂಬ ಜೀನ್ ಗುರುತಿನ ಒಂದು ಬಗೆ ಇದ್ದವರಲ್ಲಿ ಶೇ 8ರಷ್ಟು ಜನಕ್ಕೆ ಕಾಯಿಲೆ, ಇಲ್ಲದವರಲ್ಲಿ ಶೇ 29. ಆ ಗುರುತೇ ಕಾಪಾಡುತ್ತಿದೆ ಅನಿಸುತ್ತದೆ, ಅಲ್ವಾ? ಆದರೆ ಆ ಗುರುತು ಯುರೋಪ್ ಮೂಲದವರಲ್ಲಿ ಸಾಮಾನ್ಯ, ಪೂರ್ತಿ ಪಿಮಾ ಮೂಲದವರಲ್ಲಿ ತೀರಾ ಅಪರೂಪ. ಮುತ್ತಾತಂದಿರಲ್ಲಿ ಯಾರೋ ಬಿಳಿಯರಿದ್ದರು ಎಂದಷ್ಟೇ ಅದು ಹೇಳುತ್ತಿತ್ತು. ಅಷ್ಟೇ ಮಿಶ್ರಣ ಇರುವವರನ್ನು ಅಂಥವರೊಂದಿಗೇ ಹೋಲಿಸಿದಾಗ, ಆ ಅಂತರ ಹೆಚ್ಚುಕಡಿಮೆ ಕರಗಿಹೋಯಿತು.

ನಮ್ಮಲ್ಲಿ ತಲೆತಲಾಂತರದಿಂದ ಜಾತಿಯೊಳಗೇ ಮದುವೆ. ಒಂದೇ ಊರಿನ ಎರಡು ಕೇರಿಗಳ ನಡುವೆಯೂ ಜೀನ್ ವ್ಯತ್ಯಾಸ ಇರಬಹುದು. ಎಲ್ಲರೂ ಕನ್ನಡದವರೇ ಎಂದು ಸಮಾಧಾನ ಮಾಡಿಕೊಂಡರೆ ಆಗದು. ನನ್ನ ರೋಗಿಗಳಲ್ಲಿ ಹೆಚ್ಚಿನವರು ಒಂದೇ ತಾಲೂಕಿನ ಎರಡು ಸಮುದಾಯದವರು. ಕಂಟ್ರೋಲ್ ಹುಡುಗರು ಬೀದರ್‌ನಿಂದ ಮಂಗಳೂರಿನವರೆಗೆ ಎಲ್ಲೆಲ್ಲಿಂದಲೋ ಬಂದವರು. ಸಿಕ್ಕಿತು ಎಂದು ನಾನು ಕುಣಿದಾಡಿದ ಜೀನ್ ಕಾಯಿಲೆಯದ್ದಲ್ಲ, ಸಮುದಾಯದ್ದು. ಅದು ಗೊತ್ತಾದ ದಿನ ಊಟ ಸೇರಲಿಲ್ಲ.

ಈಗ ಪ್ರತಿಯೊಬ್ಬರ ಬಗ್ಗೆಯೂ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇವರಿಗೆ ಸಕ್ಕರೆ ಬಂದಿದ್ದರೆ ಇದೇ ಆಸ್ಪತ್ರೆಗೆ ಬಂದು ನನ್ನ ರೋಗಿಗಳ ಪಟ್ಟಿಗೆ ಸೇರುತ್ತಿದ್ದರಾ? ಹೌದು ಎಂದಾದರೆ ಮಾತ್ರ ಕಂಟ್ರೋಲ್. ರೋಗಿಯ ಜೊತೆ ಬರುವ ಗಂಡ ಅಥವಾ ಹೆಂಡತಿಯನ್ನು ಕೇಳಿ ನೋಡಿ. ಹೆಚ್ಚಾಗಿ ಅದೇ ಸಮುದಾಯ, ಹತ್ತಿರದ ವಯಸ್ಸು, ಒಂದೇ ಮನೆಯ ಊಟ. ಆದರೆ ಸಂಬಂಧದಲ್ಲೇ ಮದುವೆಯಾದರಾ ಎಂದು ತಪ್ಪದೆ ವಿಚಾರಿಸಿ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾಗಿದ್ದರೆ ಇಬ್ಬರೂ ರಕ್ತಸಂಬಂಧಿಗಳೇ, ಅಂಥ ಜೋಡಿ ಬೇಡ.

ನಿಮ್ಮ ರೋಗಿಗಳು ಯಾವ ಕಡೆಯವರು, ಎಷ್ಟು ವಯಸ್ಸಿನವರು ಎಂದು ಬರೆಯಿರಿ. ಕಂಟ್ರೋಲ್‌ಗಳನ್ನು ಎಲ್ಲಿ ಹುಡುಕಬೇಕು ಎಂದು ಜೊತೆಗೆ ಯೋಚಿಸೋಣ.